ನಳಿಕೆಯೊಳಗಿನ ಬಟ್ಟೆ

ಮೇ 8, ಶನಿವಾರ

ಇವತ್ತೂ ನಿದ್ದೆಯಿಲ್ಲ. ಆದರೆ ಭಯದಿಂದಲ್ಲ, ಖುಷಿಯಿಂದ.

ಎರಡನೇ ಮಹಾಯುದ್ಧ ಮುಗಿದ ದಿನದ ಅಣಕು ಕಾಳಗಕ್ಕೆ ಮುಂಚೆ ಪ್ರತಿ ಬಂದೂಕಿನ ನಳಿಕೆಗೂ ಆಳದ ಗುರುತು ಹಾಕಿದ ಕೋಲು ಇಳಿಸಿ ನೋಡುವುದು ನಮ್ಮ ಸಂಘದ ನಿಯಮ. ಹಾರಿಸುವುದು ಬರೀ ಸದ್ದಿನ ತೋಟಾ, ನಿಜ. ಆದರೆ ನಳಿಕೆಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಅದೇ ಗುಂಡಾಗುತ್ತದೆ. ಹೆರಿಗೆಯಾದ ಮೇಲೆ ಮೊದಲ ಸಲ ಹೋದ ನನಗೆ ಈ ಕೆಲಸ ಕೊಟ್ಟಿದ್ದರು.

ಕಮ್ಯುನಿಸ್ಟರ ಕಾಲದಲ್ಲಿ ಸಂಘ ಕಟ್ಟಿದ ಕ್ವಾಪಿಲ್ ಮುದುಕರು ಬಂದೂಕು ಕೊಡದೆ ಮುಂದೆ ಹೊರಟರು.

"ನೀನು ಹುಟ್ಟೋಕೆ ಮುಂಚೆಯಿಂದ ಇದನ್ನ ಒರೆಸ್ತಿದೀನಿ, ಮಗಳೇ. ಹೋಗು, ಮಗು ಉಸಿರಾಡ್ತಿದೆಯಾ ನೋಡು."

ಎಲ್ಲರೂ ನಕ್ಕರು. ರಾತ್ರಿ ಹತ್ತು ಸಲ ಎದ್ದು ಮಗಳು ರೊಜಾರ್ಕಾಳ ಮೂಗಿಗೆ ಬೆರಳು ಹಿಡಿಯುತ್ತೇನೆಂದು ನನ್ನ ಗಂಡ ವೀತ್ ಬಿಯರ್ ಕುಡಿಯುತ್ತ ಊರಿಗೆಲ್ಲ ಹೇಳಿದ್ದಾನೆ.

ನಾನು ಅವರ ದಾರಿಗೆ ಅಡ್ಡ ನಿಂತೆ. "ನೋಡಿಯೇ ಬಂದೆ, ಉಸಿರಾಡ್ತಿದೆ. ಈಗ ಬಂದೂಕು ಕೊಡಿ, ಕ್ವಾಪಿಲ್ ಅವರೇ" ಎಂದೆ.

ಮುದುಕರು ಬಂದೂಕು ಚಾಚಿದರು. ಕೋಲು ಗುರುತಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಬಂದೂಕಿನ ಹಿಂಬದಿ ತೆರೆದು ಒತ್ತಿದಾಗ ಬಿದ್ದದ್ದು ಎಣ್ಣೆ ಒರೆಸುವ ಬಟ್ಟೆಯ ಗಟ್ಟಿ ಉಂಡೆ. ಅವರ ಎದುರು ಸಾಲಿನಲ್ಲಿ, ಜರ್ಮನ್ ಸೈನಿಕನ ವೇಷದಲ್ಲಿ, ವೀತ್ ನಿಲ್ಲಬೇಕಿತ್ತು.

ಮುದುಕರು ಟೋಪಿ ತೆಗೆದರು. ಹಾರಿಸಲು ಸನ್ನೆ ಕೊಡುವ, ತಮ್ಮ ಕೈಯಲ್ಲಿದ್ದ ಕೆಂಪು ಬಾವುಟವನ್ನು ನನಗೆ ಕೊಟ್ಟು, "ಏನ್ರೋ ಬಾಯಿ ಬಿಟ್ಕೊಂಡು ನೋಡ್ತಿದೀರಾ? ಇವಳು ಬಾವುಟ ಇಳಿಸೋವರೆಗೂ ಒಬ್ಬನೂ ಹಾರಿಸೋ ಹಾಗಿಲ್ಲ. ನಾನೂ ಸೇರಿ!" ಎಂದು ಗದರಿದರು.

ಓಲೊಮೌಟ್ಸ್ ಪಟ್ಟಣದಿಂದ ನೋಡಲು ಬಂದ ಜನ ಬೇಲಿಯಾಚೆ ಕಾಯುತ್ತಿದ್ದರು. ಮೂವತ್ತೊಂದು ಮಂದಿ ಗಂಡಸರು ನನ್ನ ಕೈಯನ್ನೇ ನೋಡುತ್ತಿದ್ದರು. ಆಗಲೇ ಇಳಿಸಬಹುದಿತ್ತು. ಇಳಿಸಲಿಲ್ಲ. ಎಲ್ಲ ನಳಿಕೆಗಳನ್ನೂ ಮೊದಲಿನಿಂದ, ನಿಧಾನವಾಗಿ, ಇನ್ನೊಮ್ಮೆ ನೋಡಿದೆ. ಒಬ್ಬನೂ ಗೊಣಗಲಿಲ್ಲ. ಎಂಥ ಸುಖ ಅದು!

ಆಮೇಲೆ ಬಾವುಟ ಇಳಿಸಿದೆ. ಆ ಸದ್ದು, ಅಬ್ಬಾ, ಒಟ್ಟಿಗೇ ಎಲ್ಲವೂ ಗುಡುಗಿದವು! ಇನ್ನೂ ಕಿವಿಯಲ್ಲೇ ಇದೆ.