ಸಂಜೆ ಖಾಲಿ ಮಾಡಿದ ಡ್ರಮ್ಮುಗಳ ವಿಚಾರವಾಗಿ ಶಸ್ತ್ರ ಖರೀದಿ ಮುಖ್ಯಸ್ಥರಿಗೆ

ಮಾನ್ಯ ಶಸ್ತ್ರ ಖರೀದಿ ಮುಖ್ಯಸ್ಥರೇ,

ಗಡಿ ಚೌಕಿಗಳ ಕಾವಲಿಗೆಂದು ನೀವು ಆರಿಸಿರುವ ಸ್ವಯಂಚಾಲಿತ ಶಾಟ್‌ಗನ್ ಆ ಕೆಲಸಕ್ಕೆ ಆಗಿಬರುವುದಿಲ್ಲ. ಆಗಿಬರುತ್ತದೆ ಎಂದು ಸಾರಿದ ಪರೀಕ್ಷೆಯಲ್ಲಿ ಒಂದು ದೊಡ್ಡ ತಪ್ಪು ನಡೆದಿದೆ. ತಪ್ಪು ಮಾಡಿದವನು ನಾನು. ಇದನ್ನೇ ಮೂರು ಸಲ ನಿಮ್ಮ ಕಚೇರಿಗೆ ಬರೆದೆ. ಮೊದಲನೆಯ ಪತ್ರಕ್ಕೆ ‘ತಲುಪಿದೆ’ ಎಂದು ಉತ್ತರ ಬಂತು. ಎರಡನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಮೂರನೆಯದಕ್ಕೆ ಒಂದು ದಾಖಲೆಯನ್ನೇ ಲಗತ್ತಿಸಿ ಕಳಿಸಿದಿರಿ: ಬಂದೂಕು ಪೂರ್ತಿ ನಂಬಿಕೆಗೆ ಅರ್ಹ ಎನ್ನುವ ಪರೀಕ್ಷಾ ವರದಿ, ಕೆಳಗೆ ನನ್ನದೇ ರುಜು. ಕಳ್ಳ ತಾನಾಗಿ ಬಂದು ‘ಕದ್ದವನು ನಾನೇ ಸ್ವಾಮಿ’ ಅಂದರೆ, ‘ನೀನು ಒಳ್ಳೆಯವನು ಅಂತ ನೀನೇ ಬರೆದುಕೊಟ್ಟಿದ್ದೀಯಲ್ಲಪ್ಪಾ, ಮನೆಗೆ ಹೋಗು’ ಎಂದು ಬೆನ್ನು ತಟ್ಟಿ ಕಳಿಸಿದ ಹಾಗಾಯಿತು. ಆದ್ದರಿಂದ ಮುಚ್ಚಿದ ಲಕೋಟೆಯಲ್ಲಿ ಹೇಳಿದ್ದನ್ನು ಈಗ ಹತ್ತು ಜನರ ಮುಂದೆ ಹೇಳುತ್ತಿದ್ದೇನೆ. ಸಿಟ್ಟಿನಿಂದಲ್ಲ. ಸಿಟ್ಟು ಎರಡನೇ ಪತ್ರಕ್ಕೇ ಮುಗಿದುಹೋಯಿತು.

ನಾನು ಸೇನೆಯ ಕಾರ್ಯಾಗಾರದಲ್ಲಿ ಮೂವತ್ತೊಂದು ವರ್ಷ ಬಂದೂಕು ರಿಪೇರಿ ಮಾಡಿದವನು. ಗುಂಡು ಹಾರಿಸಿ ಪದಕ ಗಳಿಸಿದವನಲ್ಲ. ಹಾರಿಸುವವರ ಕೈಯಲ್ಲಿ ಬಂದೂಕು ಕೆಮ್ಮದ ಹಾಗೆ ನೋಡಿಕೊಂಡವನು. ನಿವೃತ್ತನಾಗಿ ಎರಡು ವರ್ಷವಾದ ಮೇಲೆ ನಿಮ್ಮ ಕಚೇರಿಯಿಂದಲೇ ಕರೆ ಬಂತು. ಹೊಸ ಬಂದೂಕು ಬಂದಿದೆ, ಹನ್ನೊಂದು ದಿನದ ಪರೀಕ್ಷೆ, ಅನುಭವಸ್ಥರು ಬೇಕು ಎಂದರು. ಅನುಭವಸ್ಥ ಅಂದರೆ ಯಾರಿಗೆ ಹಿಗ್ಗಾಗುವುದಿಲ್ಲ? ಹಳೆಯ ಷೂ ತಿಕ್ಕಿ ಹೊಳಪು ಮಾಡಿಕೊಂಡು ಹೋದೆ.

ಪರೀಕ್ಷಾ ಮೈದಾನದ ಅಂಚಿನಲ್ಲಿ ಒಂದು ತಗಡಿನ ಷೆಡ್ಡು. ಅದರೊಳಗೆ ನನ್ನ ಮೇಜು, ಮೇಜಿನ ಮೇಲೆ ಎಣ್ಣೆ ಬಟ್ಟೆ, ಆರು ಡ್ರಮ್ಮು. ಡ್ರಮ್ಮು ಎಂದರೆ ಬಂದೂಕಿನ ಹೊಟ್ಟೆಗೆ ಸಿಕ್ಕಿಸುವ ದುಂಡನೆಯ ಡಬ್ಬಿ. ಒಂದೊಂದರಲ್ಲಿ ಇಪ್ಪತ್ತು ತೋಟಾ. ಹಾರಿಸಲು ನೇಮಿಸಿದ್ದ ಜವಾನನಿಗೆ ಜೊತೆಯವರು ಇಟ್ಟ ಹೆಸರು ಗೂಳಿ. ಭುಜ ನೋಡಿದರೆ ಯಾಕೆಂದು ಗೊತ್ತಾಗುತ್ತಿತ್ತು. ಬಂದೂಕು ಕಂಪನಿಯ ಪ್ರತಿನಿಧಿ, ಇಸ್ತ್ರಿ ಮುರಿಯದ ಅಂಗಿಯವನು, ಗೂಳಿಯ ಪಕ್ಕದಲ್ಲೇ ನಿಂತಿರುತ್ತಿದ್ದ.

ಮೊದಲ ದಿನ ಗೂಳಿ ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಒತ್ತಿ ಹಿಡಿದ. ಎಣಿಸಲು ಬಾಯಿ ತೆರೆಯುವಷ್ಟರಲ್ಲಿ ಇಪ್ಪತ್ತೂ ಮುಗಿದವು. ಎದುರಿನ ಹಲಗೆ ಇದ್ದ ಜಾಗದಲ್ಲಿ ಅದರ ಎರಡು ಕಾಲು ಮಾತ್ರ ಉಳಿದಿದ್ದವು.

“ಹೆಂಗಿತ್ತು?” ಎಂದೆ.

“ಒದೆಯೋದೇ ಇಲ್ಲ ಅಣ್ಣಾ. ನಮ್ಮನೇಲಿ ಮಿಕ್ಸಿ ಇದಕ್ಕಿಂತ ಜಾಸ್ತಿ ಅಲ್ಲಾಡುತ್ತೆ.”

“ನೋಡಿದ್ರಾ ಸರ್?” ಎಂದ ಇಸ್ತ್ರಿ ಅಂಗಿ. “ನಾಲ್ಕು ಸೆಕೆಂಡಲ್ಲಿ ಇಪ್ಪತ್ತು. ಎದುರಿಗೆ ಯಾರಿದ್ರೂ ಉಳಿಯಲ್ಲ.”

“ಅದು ಸರಿ. ಐದನೇ ಸೆಕೆಂಡಲ್ಲಿ ಏನು ಮಾಡಬೇಕು?” ಎಂದು ಗೂಳಿ ಕೇಳಿದ.

“ಹೊಸಾ ಡ್ರಮ್ ಹಾಕ್ಕೊಬೇಕು.”

“ಅಷ್ಟೊತ್ತು ಎದುರಿನವರಿಗೆ ಕೂತ್ಕೊಳ್ಳಿ ಅಂತ ಹೇಳ್ಬೇಕಾ?”

ಎಲ್ಲರೂ ನಕ್ಕರು. ನಿಮ್ಮ ಕಚೇರಿಯಿಂದ ಬಂದಿದ್ದ ಅಧಿಕಾರಿಯೂ ನಕ್ಕರು, ನಕ್ಕು ಏನೋ ಬರೆದುಕೊಂಡರು. ವರದಿಯಲ್ಲಿ ನೋಡಿದರೆ ಆ ಪ್ರಶ್ನೆ ಇಲ್ಲ. ‘ಹಾರಿಸುವವರಿಗೆ ಆರಾಮದಾಯಕ’ ಎಂಬ ಮಾತು ಮಾತ್ರ ಇದೆ.

ಮಾನ್ಯರೇ, ಗೂಳಿ ತಮಾಷೆಗೆ ಕೇಳಿದ್ದನ್ನು ನಾನು ಈಗ ನಿಜವಾಗಿ ಕೇಳುತ್ತೇನೆ. ನಾಲ್ಕು ಸೆಕೆಂಡಿನ ಬಂದೂಕನ್ನು ಹೊತ್ತವನು ಉಳಿದ ಹೊತ್ತಿಗೆ ಎಷ್ಟು ಡ್ರಮ್ಮು ಹೊರಬೇಕು? ಶಾಟ್‌ಗನ್ನಿನ ಒಂದು ತೋಟಾದ ತೂಕಕ್ಕೆ ರೈಫಲಿನ ನಾಲ್ಕು ಗುಂಡು ಬರುತ್ತವೆ. ಬೆನ್ನ ಮೇಲಿನ ಚೀಲಕ್ಕೆ ಸ್ವಯಂಚಾಲಿತ ಅನ್ನುವುದಿಲ್ಲ, ಅದನ್ನು ಮನುಷ್ಯನೇ ಹೊರಬೇಕು. ಇನ್ನು ದೂರ. ಐವತ್ತು ಹೆಜ್ಜೆಯೊಳಗೆ ಇದು ಸಿಂಹ, ಒಪ್ಪುತ್ತೇನೆ. ನೂರೈವತ್ತು ಹೆಜ್ಜೆಗೆ ಇದರ ತೋಟಾದೊಳಗಿನ ಸಣ್ಣ ಚರೆಗುಂಡುಗಳು ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೊಂದು ದಿಕ್ಕಿಗೆ ಹೋಗುತ್ತವೆ. ಕಿರಿದಾದ ಓಣಿ, ಕತ್ತಲ ಕೋಣೆ, ಒಡೆಯಬೇಕಾದ ಬಾಗಿಲು, ಅಲ್ಲಿಗೆ ಇದು ತಕ್ಕುದು. ಆದರೆ ಗಡಿ ಚೌಕಿಯ ಮುಂದಿರುವುದು ಓಣಿಯಲ್ಲ, ಬಯಲು. ನಕ್ಷೆಯಲ್ಲಿ ಅದೂ ಎರಡು ಬೆರಳಿನಷ್ಟೇ ಅಗಲ ಕಾಣುತ್ತದೆ, ನಿಜ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಾವಲು ನಿಂತವನಿಗೆ ಬೇಕಾಗುವುದು ಗುರಿಗೆ ತಾಗುವ ಒಂದು ಗುಂಡು. ನೀವು ಕೊಟ್ಟಿದ್ದು ಇಪ್ಪತ್ತು ಸದ್ದು.

ಇಷ್ಟಾದರೂ ಇದೆಲ್ಲ ವಾದದ ಮಾತು. ನನಗಿಂತ ಓದಿದವರು ಬೇರೆ ವಾದ ಹೂಡಬಹುದು. ವಾದವೇ ಬೇಡದ ವಿಷಯ ಮುಂದೆ ಇದೆ. ಅದೇ ನನ್ನ ತಪ್ಪು.

ನಾನು ಕೆಲಸಕ್ಕೆ ಸೇರಿದಾಗ ಕೈ ಹಿಡಿದು ಕಲಿಸಿದ ಹಿರಿಯ ಮೇಸ್ತ್ರಿ ಒಬ್ಬರಿದ್ದರು. “ತುಂಬಿದ ಸ್ಪ್ರಿಂಗು ನಿದ್ದೆ ಮಾಡಲ್ಲ ಕಣೋ, ಸಂಜೆಗೆ ಅದನ್ನ ಬಿಚ್ಚಿ ಮಲಗಿಸಬೇಕು” ಎನ್ನುತ್ತಿದ್ದರು. ಅಂದಿನಿಂದ ಯಾವ ಮ್ಯಾಗಜಿನ್ನೂ, ಅಂದರೆ ಗುಂಡು ತುಂಬುವ ಡಬ್ಬಿಯೂ, ನನ್ನ ಮೇಜಿನ ಮೇಲೆ ತುಂಬಿದ ಹೊಟ್ಟೆಯಲ್ಲಿ ರಾತ್ರಿ ಕಳೆದದ್ದಿಲ್ಲ. ಪರೀಕ್ಷೆಯ ಹನ್ನೊಂದು ದಿನವೂ ಅದೇ ಮಾಡಿದೆ. ಸಂಜೆ ಆರೂ ಡ್ರಮ್ಮುಗಳನ್ನು ಖಾಲಿ ಮಾಡಿದೆ. ತೋಟಾಗಳನ್ನು ಒರೆಸಿ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಬೆಳಗ್ಗೆ ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಸರಿಯಿದ್ದದ್ದನ್ನು ಮಾತ್ರ ಮತ್ತೆ ತುಂಬಿದೆ. ಯಾರೂ ಮಾಡು ಅನ್ನಲಿಲ್ಲ, ಯಾರೂ ಯಾಕೆ ಅನ್ನಲಿಲ್ಲ. ಮೂವತ್ತೊಂದು ವರ್ಷ ಮಾಡಿದ ಕೆಲಸವನ್ನು ಕೈ ತಾನೇ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ. ವರದಿಯ ನಮೂನೆಯಲ್ಲಿ ಅದನ್ನು ಬರೆಯಲು ಕಾಲಮ್ಮೂ ಇರಲಿಲ್ಲ. ಹನ್ನೊಂದು ದಿನ ಬಂದೂಕು ಒಂದೇ ಒಂದು ಸಲವೂ ತೋಟಾ ಸಿಕ್ಕಿ ಕಚ್ಚಿಕೊಳ್ಳಲಿಲ್ಲ. ‘ಪೂರ್ತಿ ನಂಬಿಕೆಗೆ ಅರ್ಹ’ ಎಂಬ ಸಾಲಿನ ಕೆಳಗೆ ಹೆಮ್ಮೆಯಿಂದ ರುಜು ಹಾಕಿ ಮನೆಗೆ ಬಂದೆ.

ಮೊದಲ ಕಂತಿನ ಎಂಟು ಬಂದೂಕು ಹೋದದ್ದು ಯಾವ ಚೌಕಿಗೆ? ನನ್ನ ಅಳಿಯ ಮುಖ್ಯಸ್ಥನಾಗಿರುವ ಚೌಕಿಗೆ. ಇದನ್ನು ಮುಚ್ಚಿಡುವುದಿಲ್ಲ, ಇದರಿಂದಲೇ ನನ್ನ ಮಾತು ಪಕ್ಷಪಾತ ಅನ್ನಿಸುವುದಾದರೆ ಅನ್ನಿಸಲಿ. ಸುದ್ದಿ ತಂದವಳು ನನ್ನ ಮಗಳು. “ಅಪ್ಪಾ, ನೀನು ಪಾಸ್ ಮಾಡಿದ ಬಂದೂಕಂತೆ. ಇನ್ನು ನಾನು ನೆಮ್ಮದಿಯಾಗಿರ್ತೀನಿ ಬಿಡು” ಎಂದಳು.

ಮೂರು ವಾರ ಕಳೆದು, ಒಂದು ಭಾನುವಾರ ಬೆಳಗ್ಗೆ ಅಳಿಯನ ಫೋನು ಬಂತು.

“ಮಾವಾ, ನಿಮ್ಮ ಸಾಕುಮಗ ಹಟ ಮಾಡ್ತಿದಾನೆ.”

“ಯಾರಪ್ಪಾ ಅದು?”

“ನೀವು ರುಜು ಹಾಕಿ ಕಳಿಸಿದ್ದೀರಲ್ಲ, ಅವನೇ. ಇವತ್ತು ಅಭ್ಯಾಸಕ್ಕೆ ಹಾರಿಸಿದ್ವಿ. ಎರಡು ಗುಂಡು ಹೋಯ್ತು, ಮೂರನೇದಕ್ಕೆ ಕಚ್ಚಿಕೊಂಡ. ಇನ್ನೊಂದು ತಗೊಂಡ್ವಿ, ಅದು ಐದಕ್ಕೆ. ಎಂಟರಲ್ಲಿ ಐದು ಹಂಗೇ ಆದ್ವು.”

“ಎಣ್ಣೆ?”

“ಹಾಕಿದೀವಿ ಮಾವಾ. ನಿಮ್ಮ ಅಳಿಯ ಅಷ್ಟು ದಡ್ಡ ಅಲ್ಲ.”

“ಅಳಿಯಂದ್ರೇ, ಡ್ರಮ್ಮು ತುಂಬಿದ್ದು ಯಾವತ್ತು?”

“ಬಂದ ದಿನ. ಯಾಕೆ?”

“ಒಂದು ತೋಟಾ ತೆಗೆದು ಮೇಜಿನ ಮೇಲೆ ಉರುಳಿಸಿ ನೋಡಿ” ಎಂದೆ. ಕುರ್ಚಿ ಎಳೆದ ಸದ್ದು, ಆಮೇಲೆ ಟಕಟಕ ಸದ್ದು ಕೇಳಿತು.

“ಇದೇನ್ ಮಾವಾ, ಕುಂಟುತ್ತೆ! ಮೊಟ್ಟೆ ಉರುಳಿದ ಹಾಗೆ ಉರುಳುತ್ತೆ.”

ತಿಳಿಯದವರಿಗಾಗಿ ಬಿಡಿಸಿ ಹೇಳುತ್ತೇನೆ. ಈ ತೋಟಾದ ಬುಡ ಲೋಹ, ಮೈ ಪ್ಲಾಸ್ಟಿಕ್ಕು. ಡ್ರಮ್ಮಿನೊಳಗಿನ ಸ್ಪ್ರಿಂಗು ಅದನ್ನು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ. ಒಂದು ದಿನ ಒತ್ತಿದರೆ ಏನೂ ಆಗದು. ಬಿಸಿಲಲ್ಲಿ ಕಾದ ಕೋಣೆಯಲ್ಲಿ ಮೂರು ವಾರ ಒತ್ತಿದರೆ ದುಂಡಗಿನ ಮೈ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ದುಂಡಗಿನ ನಳಿಗೆಯೊಳಗೆ ಹೋಗುವುದಿಲ್ಲ. ಒಂದೊಂದೇ ಹಾರಿಸುವ ಹಳೇ ಬಂದೂಕಾದರೆ ಕೈಯಲ್ಲಿ ಹಿಡಿದ ತೋಟಾ ಸೊಟ್ಟಗಿದೆ ಎಂದು ಬೆರಳಿಗೆ ತಿಳಿಯುತ್ತದೆ, ಎಸೆದು ಬೇರೆ ಹಾಕುತ್ತೀರಿ. ಇದು ಸ್ವಯಂಚಾಲಿತ. ಇದಕ್ಕೆ ಬೆರಳಿಲ್ಲ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ಕುಂಬಾರ, ಅವನಿಗೊಬ್ಬಳು ಹೆಂಡತಿ. ಒಂದು ಗಡಿಗೆಯ ತಳದಲ್ಲಿ ಸಣ್ಣ ತೂತು ಬಿದ್ದಿತ್ತು. ಸಂತೆಗೆ ಹೊತ್ತುಕೊಂಡು ಹೋಗುವಾಗ ಆ ಪುಣ್ಯಾತ್ಗಿತ್ತಿ ಗಡಿಗೆ ಹಿಡಿದ ಕೈಯ ಬೆರಳನ್ನು ತನಗೇ ಗೊತ್ತಿಲ್ಲದೆ ತೂತಿನ ಮೇಲೆ ಇಟ್ಟುಕೊಂಡಿದ್ದಳು. ಕೊಳ್ಳುವವನು ಬಂದ. “ಸೋರಲ್ಲ ತಾನೆ?” ಅಂದ. “ತಗೋ, ನೀನೇ ನೀರು ಹಾಕಿ ನೋಡು” ಎಂದು ಅವಳು ಎತ್ತಿ ಹಿಡಿದಳು. ಹಾಕಿದ, ನೋಡಿದ, ಒಂದು ಹನಿಯೂ ಸೋರಲಿಲ್ಲ. ಖುಷಿಯಾಗಿ ಮನೆಗೆ ಒಯ್ದ. ಗಡಿಗೆ ಅವನ ಮನೆಗೆ ಹೋಯಿತು, ಬೆರಳು ಕುಂಬಾರನ ಮನೆಗೆ ಹೋಯಿತು. ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಆ ಬೆರಳು ಒಂದು ದಿನ ನನ್ನದೇ ಆಗುತ್ತದೆಂದು ಯಾರಿಗೆ ಗೊತ್ತಿತ್ತು?

ನಿಮ್ಮ ಕಚೇರಿಯ ಬುದ್ಧಿವಂತರೊಬ್ಬರು ಫೋನಿನಲ್ಲಿ ನನಗೊಂದು ಪರಿಹಾರ ಸೂಚಿಸಿದರು. “ಚೌಕಿಯವರೂ ದಿನಾ ಸಂಜೆ ಖಾಲಿ ಮಾಡಿದರಾಯ್ತಲ್ಲ ಯಜಮಾನ್ರೇ, ನೀವು ಮಾಡಿದ ಹಾಗೆ!” ಎಂದರು. ಎಂಟು ಬಂದೂಕು, ಬಂದೂಕಿಗೆ ಮೂರು ಡ್ರಮ್ಮು, ಡ್ರಮ್ಮಿಗೆ ಇಪ್ಪತ್ತು. ದಿನಕ್ಕೆ ನಾನೂರ ಎಂಬತ್ತು ತೋಟಾ ತೆಗೆಯಬೇಕು, ಒರೆಸಬೇಕು, ನೋಡಬೇಕು, ತುಂಬಬೇಕು. ಚೌಕಿಯಲ್ಲಿರುವುದು ಹದಿನಾಲ್ಕು ಜನ. ಅವರಲ್ಲಿ ಬಂದೂಕು ರಿಪೇರಿಯವನು ಒಬ್ಬನೂ ಇಲ್ಲ. ಹನ್ನೆರಡು ಚೌಕಿಗೆ ಒಬ್ಬನೇ, ಅವನು ಎರಡು ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅದೂ ಇರಲಿ. ನನ್ನ ಷೆಡ್ಡಿನಲ್ಲಿ ಡ್ರಮ್ಮು ಖಾಲಿ ಇದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ, ಎದುರಿಗಿದ್ದದ್ದು ಮರದ ಹಲಗೆ. ಚೌಕಿಯಲ್ಲಿ ಡ್ರಮ್ಮು ಖಾಲಿ ಮಾಡಿಕೊಂಡು ಕೂತರೆ ಅದಕ್ಕೆ ಕಾವಲು ಅನ್ನುತ್ತಾರೆಯೇ? ಕಾವಲಿನ ಬಂದೂಕು ತುಂಬಿರಬೇಕು, ತುಂಬಿ ತಿಂಗಳುಗಟ್ಟಲೆ ಸುಮ್ಮನಿರಬೇಕು, ಎಂದೋ ಒಂದು ದಿನ ಕರೆದಾಗ ಓ ಎನ್ನಬೇಕು. ನಾವು ಅದನ್ನು ದಿನಾ ಓಡಿಸಿ ನೋಡಿದೆವು. ಸುಮ್ಮನಿರಿಸಿ ನೋಡಲಿಲ್ಲ.

ಲೋಹದ ಮೈಯ ತೋಟಾ ಬಳಸಿದರೆ ಸರಿಹೋದೀತು. ಸರಿಹೋಗದೆಯೂ ಇರಬಹುದು, ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ವರದಿಯಲ್ಲಿ ಒಂದು ಸಾಲು ಇದ್ದಿದ್ದರೆ ಇಷ್ಟೆಲ್ಲ ಪತ್ರ ಬೇಕಾಗುತ್ತಿರಲಿಲ್ಲ.

ಇಷ್ಟು ದಿನ ಚೌಕಿಯವರು ತಲೆಗೊಂದರಂತೆ ಗೋಡೆಗೆ ಒರಗಿಸಿಟ್ಟ ಹದಿನಾಲ್ಕು ಹಳೆಯ ರೈಫಲುಗಳನ್ನು ನಂಬಿಕೊಂಡಿದ್ದರು. ಈಗ ನಿಮ್ಮ ಆದೇಶ ಹೋಗಿದೆ: ಮುಂದಿನ ತಿಂಗಳ ಒಂದನೇ ತಾರೀಖಿಗೆ ರೈಫಲುಗಳೆಲ್ಲ ಉಗ್ರಾಣಕ್ಕೆ ವಾಪಸು. ಯಾಕೆಂದರೆ ಅವು ಹಳೆಯವು. ಆ ಹಳೆಯವುಗಳಲ್ಲಿ ಕೆಲವನ್ನು ನಾನೇ ಎರಡೆರಡು ಸಲ ಬಿಚ್ಚಿ ಜೋಡಿಸಿದ್ದೇನೆ. ಅವು ಇಪ್ಪತ್ತು ಸದ್ದು ಮಾಡುವುದಿಲ್ಲ. ಒತ್ತಿದರೆ ಹಾರುತ್ತವೆ, ಅಷ್ಟೆ.

ಮಗಳಿಗೆ ಎಲ್ಲವನ್ನೂ ಹೇಳಿದೆ. ಹೇಳದೆ ಇರಬಹುದಿತ್ತು, ನಿಮ್ಮ ಕಚೇರಿಯ ಹಾಗೆ ‘ಪರಿಶೀಲನೆಯಲ್ಲಿದೆ’ ಅನ್ನಬಹುದಿತ್ತು. ಒಲೆಯ ಮುಂದೆ ನಿಂತಿದ್ದಳು. ಒಲೆ ಆರಿಸಿ, “ಹಾಗಾದ್ರೆ ರುಜು ವಾಪಸ್ ತಗೊಳಪ್ಪ” ಎಂದಳು.

“ಅದು ಹಾಗೆಲ್ಲ ಬರಲ್ಲಮ್ಮ.”

“ಯಾಕೆ ಬರಲ್ಲ? ನೀನೇ ತಾನೆ ಹಾಕಿದ್ದು?”

ನಿಮ್ಮ ಕಚೇರಿಯಲ್ಲಿ ವಿಚಾರಿಸಿದೆ. ರುಜು ಹಾಕಿಸಿಕೊಳ್ಳಲು ಮೂರು ಮೇಜುಗಳಿವೆ, ವಾಪಸು ಕೊಡುವ ಮೇಜು ಒಂದೂ ಇಲ್ಲ. ನನಗೆ ದಣಿವಾಗಿದೆ ಮಾನ್ಯರೇ. ಇನ್ನೊಂದು ಲಕೋಟೆ ಅಂಟಿಸುವ ಉಮೇದು ಉಳಿದಿಲ್ಲ.

ಆದ್ದರಿಂದ ಈ ಪತ್ರದ ಮೂಲಕವೇ, ಓದಿದವರೆಲ್ಲರ ಸಾಕ್ಷಿಯಾಗಿ, ಆ ವರದಿಗೆ ಹಾಕಿದ ರುಜುವನ್ನು ನಾನು ಹಿಂತೆಗೆದುಕೊಂಡಿದ್ದೇನೆ. ಇನ್ನು ಮುಂದೆ ಯಾರಿಗಾದರೂ ಅದನ್ನು ಲಗತ್ತಿಸಿ ಕಳಿಸುವುದಾದರೆ ಇದನ್ನೂ ಜೊತೆಗೆ ಲಗತ್ತಿಸಿ. ಪರೀಕ್ಷೆ ಮತ್ತೊಮ್ಮೆ ನಡೆಯಲಿ. ಡ್ರಮ್ಮುಗಳನ್ನು ತುಂಬಿ, ಬಿಸಿಲು ಬೀಳುವ ಕೋಣೆಯಲ್ಲಿ ಎರಡು ತಿಂಗಳು ಬೀಗ ಹಾಕಿಡಿ; ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ಆಮೇಲೆ ತೆಗೆದು ಹಾರಿಸಿ. ನನ್ನನ್ನು ಕರೆಯಬೇಡಿ, ನನ್ನ ಕೈ ಸುಮ್ಮನಿರುವುದಿಲ್ಲ. ಇಷ್ಟಕ್ಕೂ ಪುರುಸೊತ್ತಿಲ್ಲ ಎನ್ನುವುದಾದರೆ ಬೇಡ, ಒಂದೇ ಒಂದು ಸಾಲಿನ ಆದೇಶ ಹೊರಡಿಸಿ: ಒಂದನೇ ತಾರೀಖಿನಂದು ಆ ಹದಿನಾಲ್ಕು ರೈಫಲುಗಳು ಚೌಕಿಯಲ್ಲೇ ಇರಲಿ.

ಇವತ್ತು ಹತ್ತೊಂಬತ್ತನೇ ತಾರೀಖು.

ಇಂತಿ,
ಒಳ್ಳೆಯ ಕೆಲಸ ಮಾಡಿದ್ದಕ್ಕೆ ಕ್ಷಮೆ ಕೇಳುತ್ತಿರುವ
ಒಬ್ಬ ನಿವೃತ್ತ ಬಂದೂಕು ರಿಪೇರಿಯವನು