ನೀರು ಪೋಲಲ್ಲ, ಪೋಲೋ

ಅಂತಾರಾಷ್ಟ್ರೀಯ ಈಜು ಮತ್ತು ಜಲಕ್ರೀಡಾ ಚಾಂಪಿಯನ್‌ಷಿಪ್ಪಿನ ಸಂಘಟನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ನಲ್ಲಿ ಸೋರುತ್ತಿಲ್ಲ. ಸೋರುತ್ತಿದೆಯೆಂದು ನಾವು ಯಾರಿಗೂ ದೂರು ಕೊಟ್ಟಿಲ್ಲ. ಕೊಟ್ಟದ್ದು ಅರ್ಜಿ. ತಮ್ಮ ಚಾಂಪಿಯನ್‌ಷಿಪ್ಪಿನ ಮಹಿಳಾ ವಾಟರ್ ಪೋಲೋದಲ್ಲಿ ಆತಿಥೇಯ ಊರಿಗೆಂದು ಮೀಸಲಿಟ್ಟ ಒಂದೇ ಒಂದು ಸ್ಥಾನವನ್ನು ನನ್ನ ತಂಗಿಯ ತಂಡಕ್ಕೆ ಕೊಡಿ ಎಂಬ ಅರ್ಜಿ. ತಮ್ಮ ಕಚೇರಿ ಅದನ್ನು ನೀರು ಪೋಲಾಗುತ್ತಿರುವ ದೂರೆಂದು ದಾಖಲಿಸಿ, ತನಿಖೆ ಮಾಡಿ, ಪರಿಹರಿಸಿ, ಮಂಗಳವನ್ನೂ ಹಾಡಿದೆ. ಎಲ್ಲವೂ ನಾಲ್ಕೇ ದಿನದಲ್ಲಿ. ಇಷ್ಟು ಚುರುಕಾದ ಕಚೇರಿಯನ್ನು ಬೈಯುವುದು ಹೇಗೆಂದು ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ. ಅರ್ಜಿಗೆ ಕೊನೆಯ ದಿನ ಈ ಶನಿವಾರ.

ನನ್ನ ತಂಗಿ ಹಲ್ಲಿನ ಡಾಕ್ಟರರ ಬಳಿ ನರ್ಸು. ಹಗಲೆಲ್ಲ ಊರಿನವರ ಬಾಯಿ ತೆರೆಸುವುದು ಅವಳ ಕಸುಬು. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಸಾರ್ವಜನಿಕ ಈಜುಕೊಳದಲ್ಲಿ ಗೋಲು ಕಾಯುತ್ತಾಳೆ. ಗೋಲೆಂದರೆ ಪ್ಲಂಬರ್ ಬಿಟ್ಟುಹೋದ ನಾಲ್ಕು ಪೈಪು, ಒಂದು ಹಳೆಯ ವಾಲಿಬಾಲ್ ಬಲೆ. ತಂಡದಲ್ಲಿ ಹದಿಮೂರು ಜನ. ನಾಯಕಿ ಬಸ್ ಕಂಡಕ್ಟರ್. ಎದುರಾಳಿಗಳಿಗೂ 'ಮುಂದೆ ಹೋಗಿ, ಮುಂದೆ ಹೋಗಿ' ಎಂದುಬಿಡುವ ಚಾಳಿ ಅವರನ್ನು ಇನ್ನೂ ಬಿಟ್ಟಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಇನ್ನೊಬ್ಬಳ ಎಸೆತ ತಡೆದವರ ಅಂಗೈ ಬನ್ನಿನಂತೆ ಉಬ್ಬಿಕೊಳ್ಳುತ್ತದೆ. ಎರಡು ವರ್ಷದಿಂದ ಈ ಹದಿಮೂರು ಜನ ಒಂದು ಬೆಳಗ್ಗೆಯೂ ತಪ್ಪಿಸಿಲ್ಲ.

ಇನ್ನು ನನ್ನ ಪಾಲಿನ ತಪ್ಪು. ತಮ್ಮ ಚಾಂಪಿಯನ್‌ಷಿಪ್ ಎಂಟ್ರಿ ಫಾರಂನ ತಲೆಯ ಮೇಲೆ, 'ಅನ್ಯಭಾಷಾ ಪದಗಳಿರುವ ಅರ್ಜಿಗಳನ್ನು ತಿರಸ್ಕರಿಸಲಾಗುವುದು' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾನು ಕಾಲೇಜಿನಲ್ಲಿ ವ್ಯಾಕರಣ ಪಾಠ ಮಾಡುವವನು. ತಂಗಿ ಫಾರಂ ತಂದು ನನ್ನ ಮುಂದಿಟ್ಟಳು.

"ವಾಟರ್ ಪೋಲೋ ಅಂತಾನೇ ಬರಿ ಅಣ್ಣಾ. ಎಲ್ರಿಗೂ ಅರ್ಥ ಆಗುತ್ತೆ."

"ಅರ್ಥ ಆದ್ರೆ ಸಾಕೇನೇ? ಶುದ್ಧ ಬೇಡ್ವಾ?" ಎಂದವನೇ 'ನೀರು ಪೋಲೋ' ಎಂದು ಬರೆದೆ. ಪೋಲೋಗೂ ಕನ್ನಡ ಹುಡುಕುವಷ್ಟು ಸಮಯವಿರಲಿಲ್ಲ; ಇದ್ದಿದ್ದರೆ ಇನ್ನೂ ಕೆಡಿಸುತ್ತಿದ್ದೆ. ನನ್ನ ಕೈಬರಹದಲ್ಲಿ ದೀರ್ಘಗಳು ಗಿಡ್ಡ, 'ಲೋ' ಬರೆದರೆ 'ಲು' ಎಂದು ಕಾಣುತ್ತದೆ, ಒಪ್ಪಿದೆ. ಆದರೆ ಮಾನ್ಯರೇ, ಎರಡಕ್ಕೂ ಜಲವೇ ಮೂಲವೆಂದು ಜಲಕ್ರೀಡಾ ಸಮಿತಿಯನ್ನು ನೀರು ಸರಬರಾಜು ಕಚೇರಿಯೊಳಗೇ ಕೂರಿಸಿ, ಎರಡಕ್ಕೂ ಒಂದೇ ಕಿಟಕಿ ಇಟ್ಟ ಜಾಣರು ಯಾರು? ಆ ಲೆಕ್ಕದಲ್ಲಿ ಕುದುರೆ ಪಂದ್ಯಕ್ಕೂ ಕುದುರೆಮುಖದ ಕಬ್ಬಿಣದ ಮೊಳೆಗೂ ಒಂದೇ ಅಂಗಡಿ ಸಾಕಲ್ಲವೇ?

ಮಂಗಳವಾರ ಬೆಳಗ್ಗೆ ಸ್ಪ್ಯಾನರ್ ಹಿಡಿದ ಇಬ್ಬರು ಮನೆಗೆ ಬಂದರು. ಬಾಗಿಲು ತೆರೆದವರು ನನ್ನ ತಾಯಿ.

"ನೀರು ಎಲ್ಲಿ ಪೋಲಾಗ್ತಿದೆ ತಾಯಿ?" ಎಂದ ಹಿರಿಯ.

"ನಮ್ಮನೇಲಿ ಪೋಲಾಗ್ತಿರೋದು ನನ್ನ ಮಗನ ಓದೊಂದೇ ಕಣಪ್ಪ. ನಲ್ಲಿ ಗಟ್ಟಿಯಾಗಿದೆ."

ಕಿರಿಯ ಕಾಗದ ತೆಗೆದು ಓದಿದ. "ಇಲ್ಲಿ ಬರ್ದಿದೆಯಲ್ಲಮ್ಮ. ಹದಿಮೂರು ಜನ ಹೆಂಗಸರು ಎರಡು ವರ್ಷದಿಂದ ದಿನಾ ಬೆಳಗ್ಗೆ ನೀರು ಪೋಲು ಅಭ್ಯಾಸ ಮಾಡ್ತಿದ್ದಾರೆ ಅಂತ."

"ಅಭ್ಯಾಸ ಬೇರೆ ಮಾಡ್ಕೊಂಡಿದ್ದಾರಾ?" ಹಿರಿಯ ಹಣೆ ಹಣೆ ಚಚ್ಚಿಕೊಂಡ.

"ಅಷ್ಟೇ ಅಲ್ಲಣ್ಣ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಮಾಡೋಕೆ ಅವಕಾಶ ಕೇಳಿದ್ದಾರೆ."

ಪಾಪ, ಒಳ್ಳೆಯವರು. ಸೋರದ ನಲ್ಲಿಗೂ ಹೊಸ ವಾಷರ್ ಹಾಕಿ, 'ಸೋರಿಕೆ ಕಂಡುಬಂದಿಲ್ಲ, ದೂರು ಮುಕ್ತಾಯ' ಎಂದು ಬರೆದು ಹೋದರು.

ಅಂದೇ ಕಿಟಕಿಗೆ ಓಡಿದೆ. "ಮೇಡಂ, ಅದು ಪೋಲು ಅಲ್ಲ, ಪೋಲೋ."

ಗುಮಾಸ್ತೆ ಕನ್ನಡಕ ಏರಿಸಿ ಕಾಗದ ನೋಡಿದರು. "ದೀರ್ಘ ಎಲ್ಲಿದೆ ತೋರ್ಸಿ ಸಾರ್."

"ಹಾಗಾದ್ರೆ ಬೇರೆ ಅರ್ಜಿ ಕೊಡ್ತೀನಿ."

"ಅದೇ ವಿಳಾಸದಿಂದ ಕೊಟ್ರೆ ಕಂಪ್ಯೂಟರು ಹಳೇ ದೂರು ಅಂತ್ಲೇ ತಗೊಳ್ಳುತ್ತೆ. ಮತ್ತೆ ಅದೇ ಇಬ್ರು ಬರ್ತಾರೆ. ಮೂರನೇ ಮಹಡೀಲಿ ಕೇಳಿ ನೋಡಿ."

ಮೂರನೆಯ ಮಹಡಿ ಎರಡನೆಯದಕ್ಕೆ ಕಳಿಸಿತು, ಎರಡನೆಯದು ಕಿಟಕಿಗೆ. ಆಗ ಅರ್ಥವಾಯಿತು, ತಾವೂ ಇದೇ ಆಟದಲ್ಲಿ ಪಳಗಿದವರೆಂದು. ವಾಟರ್ ಪೋಲೋದಲ್ಲಿ ಗೋಲು ಕಾಯುವವರ ಹೊರತು ಯಾರೂ ಚೆಂಡನ್ನು ಎರಡು ಕೈಯಲ್ಲಿ ಹಿಡಿಯುವಂತಿಲ್ಲ. ಕೈಯಿಂದ ಕೈಗೆ ದಾಟಿಸುತ್ತಿರಬೇಕು. ತಮ್ಮ ಕಚೇರಿಯಲ್ಲಿ ಕಡತಕ್ಕೂ ಅದೇ ನಿಯಮ. ವ್ಯತ್ಯಾಸ ಇಷ್ಟೇ: ಅಲ್ಲಿ ಕೊನೆಗೊಂದು ಗೋಲು, ಇಲ್ಲಿ ಕೊನೆಯವರೆಗೂ ಗೋಳು.

ನಗಿಸುತ್ತಿದ್ದೇನೆ ನಿಜ, ಆದರೆ ಮನೆಯಲ್ಲಿ ನಗುವಿಲ್ಲ. ತಂಗಿ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಒದ್ದೆ ಟೋಪಿಯನ್ನು ತಂತಿಗೆ ಸಿಕ್ಕಿಸುತ್ತಾ ಇಷ್ಟೇ ಅಂದಳು: "ಇಪ್ಪತ್ತು ಗೋಲು ಬಿಟ್ಕೊಟ್ಟು ಸೋತಿದ್ರೂ ಬೇಜಾರಿರ್ಲಿಲ್ಲ ಅಣ್ಣಾ. ನೀರಿಗೇ ಇಳಿಸ್ದೆ ಸೋಲ್ಸಿಬಿಟ್ರಲ್ಲ." ದೇಶದೇಶಗಳ ತಂಡಗಳನ್ನು ಕರೆದು, ಮನೆಯ ಹುಡುಗಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ 'ಯಾರಮ್ಮ ನೀನು?' ಎಂದು ಕೇಳುವುದು ಯಾವ ಸೀಮೆಯ ಆತಿಥ್ಯ? ಆ ಸ್ಥಾನಕ್ಕೆ ಬೇರಾರೂ ಅರ್ಜಿ ಹಾಕಿಲ್ಲವೆಂದು ತಮ್ಮ ಫಲಕವೇ ಹೇಳುತ್ತಿದೆ. ಖಾಲಿ ಬಿಡುತ್ತೀರಾ? ಅದಲ್ಲವೇ ನಿಜವಾದ ಪೋಲು?

ಆದ್ದರಿಂದ ನನ್ನ ಬೇಡಿಕೆ: ತಾವೇ ಮುದ್ರೆ ಒತ್ತಿದ ತಾರೀಖಿನಿಂದಲೇ ಆ ಕಾಗದವನ್ನು ಅರ್ಜಿಯೆಂದು ಸ್ವೀಕರಿಸಿ. ಕಂಪ್ಯೂಟರು ಒಪ್ಪದಿದ್ದರೆ, ದೂರಿಗೆ ಸ್ಥಳ ತನಿಖೆ ಮಾಡಿದವರು ಅರ್ಜಿಗೂ ಮಾಡಬಹುದಷ್ಟೇ? ಶುಕ್ರವಾರ ಬೆಳಗ್ಗೆ ಐದೂವರೆಗೆ ಕೊಳಕ್ಕೆ ದಯಮಾಡಿಸಿ. ಐದು ಮೀಟರ್ ದೂರದಿಂದ ಚೆಂಡೊಂದನ್ನು ಖುದ್ದಾಗಿ ಎಸೆಯಿರಿ. ಗೋಲಾದರೆ ಅರ್ಜಿಯನ್ನು ಅಲ್ಲೇ ಹರಿದುಹಾಕಿ, ನಾವು ತುಟಿ ಪಿಟಕ್ಕೆನ್ನುವುದಿಲ್ಲ. ನನ್ನ ತಂಗಿ ತಡೆದರೆ ಅಲ್ಲೇ ಮಂಜೂರು ಮಾಡಿ. ಪೆನ್ನು ನಾನು ತರುತ್ತೇನೆ. ಬರೆಯುವವರು ಮಾತ್ರ ತಾವೇ ಆಗಲಿ.

ಇಂತಿ,
ದಡದಲ್ಲಿ ಹದಿಮೂರು ಟವೆಲು ಹೊತ್ತು ನಿಲ್ಲುವ,
ಈಜು ಬಾರದ ಅಣ್ಣ