ಹವಾಮಾನ ಕ್ಲಬ್ಬಿನ ಸೆಪ್ಟೆಂಬರ್ ಪುಟ

ನವೆಂಬರ್ 6, ಮಧ್ಯಾಹ್ನ

ಪಟ್ಟಿ ಬರೆದದ್ದು ಇದು ಮೂರನೇ ಸಲ. ಹದಿನಾಲ್ಕು ಕ್ಲಬ್. ವಾಲಿಬಾಲ್, ಕೋಮುಜ್ ವಾದನ, ಚೆಸ್, ಹೊಲಿಗೆ, ಚರ್ಚಾಕೂಟ, ಹವಾಮಾನ… ನಿಜವಾಗಿ ನಡೆಯುವುದು ಮೊದಲಿನ ಎರಡು. ಉಳಿದವು ನನ್ನ ಪೆನ್ನಿನಲ್ಲಿ ನಡೆಯುತ್ತವೆ.

ಯಾವ ಮೇಷ್ಟರಿಗೆ ಪೂರ್ತಿ ಸಂಬಳಕ್ಕೆ ವಾರದ ಪಾಠದ ಗಂಟೆ ಸಾಲದೋ ಅವರ ಹೆಸರಿಗೆ ಒಂದು ಕ್ಲಬ್. ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತದೆ, ಕೋಣೆಗಳು ಖಾಲಿಯಾಗುವುದೇ ಇಲ್ಲ. ಕ್ಲಬ್ ಎಲ್ಲಿ ಸೇರಬೇಕು? ಯಾರೂ ಕೇಳುವುದಿಲ್ಲ. ಪಠ್ಯೇತರ ಚಟುವಟಿಕೆಗಳ ಹೊಣೆ ಹೊತ್ತು ಹನ್ನೊಂದು ವರ್ಷ. ಒಬ್ಬರೂ ಕೇಳಿಲ್ಲ.

ನವೆಂಬರ್ 11

ಇವತ್ತು ಒಬ್ಬಳು ಕೇಳಿದಳು.

ಒಂಬತ್ತನೇ ತರಗತಿಯ ಸಾಲ್ಕಿನಾಯ್. ಅಪ್ಪ ಅಮ್ಮ ಕುರಿಮಂದೆಯ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿರುತ್ತಾರೆ, ಹುಡುಗಿ ಓದಿಗಾಗಿ ಅಜ್ಜಿಯ ಹತ್ತಿರ. ಕೋಟಿನ ತೋಳು ಮೊಣಕೈಗೆ ಬಂದಿದೆ. ಬಾಗಿಲಲ್ಲೇ ನಿಂತು, ಎಲ್ಲರೂ ಟೀಚರಮ್ಮನನ್ನು ಕರೆಯುವ ಹಾಗೆ ಎಜೆ, ಅಕ್ಕ, ಎಂದು ಕರೆದಳು.

"ಎಜೆ, ಹವಾಮಾನ ಕ್ಲಬ್ ಎಲ್ಲಿ ನಡೆಯತ್ತೆ? ಬುಧವಾರ ಎರಡು ಗಂಟೆ, ಒಂಬತ್ತನೇ ಕೋಣೆ ಅಂತ ಬೋರ್ಡಲ್ಲಿ ಹಾಕಿದೀರಿ. ಮೂರು ಬುಧವಾರ ಹೋದೆ. ಅಲ್ಲಿ ಮೂರನೇ ಕ್ಲಾಸಿನವರು ಮಗ್ಗಿ ಹೇಳ್ತಿದ್ರು."

ನಾಳೆ ಬಾ ಎಂದೆ.

ನವೆಂಬರ್ 13

ಆ ಕ್ಲಬ್ ಇರುವುದು ಭೂಗೋಳದ ಕನಿಶಾಯ್ ಹೆಸರಿನಲ್ಲಿ. ಸ್ಟಾಫ್ ರೂಮಿನಲ್ಲಿ ಕೇಳಿದೆ. ಪಾಪ, ಎಳೆ ಬಾಣಂತಿ, ಮನೆಯಲ್ಲಿ ಇನ್ನೊಂದು ಕೂಸು, ಇರುವ ಕೆಲವೇ ಪಾಠ ಎರಡೂ ಪಾಳಿಗೆ ಹಂಚಿವೆ. "ಬರೀ ಕಾಗದದ ಮೇಲೆ ಅಂತ ನೀವೇ ಹೇಳಿದ್ರಲ್ಲ ಎಜೆ" ಎಂದಳು. ಹೇಳಿದ್ದೆ.

ಹಾಗಾದರೆ ನಾನೇ ನೋಡಿಕೊಳ್ಳುತ್ತೇನೆ. ನಾನು ರಷ್ಯನ್ ಭಾಷೆ ಕಲಿಸುತ್ತಿದ್ದವಳು. ಮೋಡಕ್ಕೂ ನನಗೂ ಏನು ಸಂಬಂಧ?

ಅಂಗಳದ ಮೂಲೆಯಲ್ಲಿ ಕಾಲುಗಳ ಮೇಲೆ ನಿಂತಿರುವ ಬಿಳಿ ಪೆಟ್ಟಿಗೆ — ಹಿಂದಿನವರ ಕಾಲದ್ದು, ಥರ್ಮಾಮೀಟರ್ ಇಡಲು ಮಾಡಿಸಿದ್ದು. ತೆರೆದರೆ ಒಳಗೆ ಜವಾನನ ಪೊರಕೆ, ರಬ್ಬರ್ ಬೂಟು.

ನವೆಂಬರ್ 18, ಬೆಳಿಗ್ಗೆ 8

ನನ್ನ ಗಂಡ ಎಸೆನ್ ಪೆಟ್ಟಿಗೆಯ ಮುರಿದ ಪಟ್ಟಿಗಳನ್ನೆಲ್ಲ ಬದಲಿಸಿಕೊಟ್ಟ. ಅವನು ಬಿಷ್ಕೆಕ್‌ಗೆ ವ್ಯಾನ್ ಓಡಿಸುವವನು, ದಾರಿಯುದ್ದಕ್ಕೂ ಸ್ನೇಹಿತರು. ಯಾರಿಂದಲೋ ಎರಡು ಥರ್ಮಾಮೀಟರ್ ತಂದ. "ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿನ್ನ ಕೆಲಸ ಕಣ್ಣಿಗೆ ಕಂಡಿತು" ಎಂದು ಛೇಡಿಸಿದ.

ಸಾಲ್ಕಿನಾಯ್ ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಉಸಿರು ತಾಗಿದರೆ ಲೆಕ್ಕ ತಪ್ಪುತ್ತದಂತೆ. ಮೈನಸ್ ಎಂಟು ಪಾಯಿಂಟ್ ನಾಲ್ಕು. ದಾಖಲೆ ಪುಸ್ತಕದಲ್ಲಿ ಬರೆದಳು. ಗಾಳಿ ಇಲ್ಲ. ಮೋಡ ಅರ್ಧ ಆಕಾಶ.

ಡಿಸೆಂಬರ್ 24

ಮೈನಸ್ ಇಪ್ಪತ್ತೇಳು. ಈಗ ಐದು ಮಕ್ಕಳು, ಎಲ್ಲರೂ ಸಾಲ್ಕಿನಾಯ್‌ಗಿಂತ ಚಿಕ್ಕವರು. ಸರದಿ ಹಾಕಿಕೊಟ್ಟಿದ್ದಾಳೆ. ತಡವಾಗಿ ಬಂದವರು ಬರೆಯುವಂತಿಲ್ಲ; ಎಂಟು ಎಂದರೆ ಎಂಟು. ಆರನೇ ತರಗತಿಯ ಒಬ್ಬಳು ಎಂಟೂ ಹತ್ತಕ್ಕೆ ಓಡಿಬಂದು ಅತ್ತಳು. ಸಾಲ್ಕಿನಾಯ್ ಅವಳ ಮೂಗು ಒರೆಸಿದಳು. ಪುಸ್ತಕ ಮಾತ್ರ ಕೊಡಲಿಲ್ಲ.

ಬೆಳಿಗ್ಗೆ ಎದ್ದು ಶಾಲೆಗೆ ಹೋಗಲು ಮನಸ್ಸಾಗುತ್ತಿದೆ. ಈ ವಯಸ್ಸಿನಲ್ಲಿ.

ಜನವರಿ 9

ರಜೆ. ಅಂಗಳದ ಹಿಮದಲ್ಲಿ ಒಂದೇ ಜೋಡಿ ಹೆಜ್ಜೆ, ಸಾಲ್ಕಿನಾಯ್‌ದು, ಗೇಟಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಗೇಟಿಗೆ. ಒಂದು ದಿನವೂ ತಪ್ಪಿಲ್ಲ.

ಮಾರ್ಚ್ 3

ಸುತ್ತೋಲೆ ಬಂತು. ಪ್ರಾಂತ್ಯದ ಎಳೆಯ ಪ್ರಕೃತಿ ವೀಕ್ಷಕರ ಸ್ಪರ್ಧೆ, ಏಪ್ರಿಲ್ ಹದಿನೆಂಟಕ್ಕೆ. ಮೊದಲ ಸ್ಥಾನಕ್ಕೆ ರಾಜಧಾನಿಯ ಲೈಸಿಯಂನಲ್ಲಿ ಹತ್ತನೇ ತರಗತಿಗೆ ನೇರ ಸೀಟು. ಹಾಸ್ಟೆಲ್ ಸಮೇತ.

ಸಾಲ್ಕಿನಾಯ್‌ಗೆ ಓದಿ ಹೇಳಿದೆ. ಹಾಳೆಯನ್ನು ಕೇಳಿ ಪಡೆದು ತಾನೇ ಇನ್ನೊಮ್ಮೆ ಓದಿದಳು. ಒಂಬತ್ತು ಮುಗಿದ ಮೇಲೆ ಅವಳನ್ನು ಬಿಷ್ಕೆಕ್‌ನಲ್ಲಿರುವ ಚಿಕ್ಕಮ್ಮನ ಹೊಲಿಗೆ ಕಾರ್ಖಾನೆಗೆ ಕಳಿಸುವುದೆಂದು ಮನೆಯಲ್ಲಿ ಮಾತಾಗಿದೆ. ನನಗೆ ಗೊತ್ತಿರಲಿಲ್ಲ. ಇವತ್ತು ಹೇಳಿದಳು, ಬೇರೆ ಯಾರದೋ ವಿಷಯ ಹೇಳುವ ಹಾಗೆ.

ಮಾರ್ಚ್ 12

ಹೆಡ್‌ಮಾಸ್ಟರ್ ಸಾಗಿನ್‌ಬೆಕ್ ಕರೆಸಿದರು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಈಗಲೂ ನಾನು ಒಳಗೆ ಹೋದರೆ ಎದ್ದು ನಿಲ್ಲುತ್ತಾರೆ. ಜಗಳವಾಡುವವರಾಗಿದ್ದರೆ ಸುಲಭವಿತ್ತು.

ತೊಡಕು ಇದು: ಸ್ಪರ್ಧೆಗೆ ಕನಿಷ್ಠ ಆರು ತಿಂಗಳ ದಾಖಲೆ ಬೇಕು. ಸ್ಪರ್ಧೆಯ ದಿನಕ್ಕೆ ನಮ್ಮದು ಐದೇ ಆಗುತ್ತದೆ. ಮೇಲಾಗಿ, ಶಿಕ್ಷಣ ಕಚೇರಿಗೆ ನಾವು ಕೊಟ್ಟ ಕಾಗದದಲ್ಲಿ ಕ್ಲಬ್ ಶುರುವಾದದ್ದು ಸೆಪ್ಟೆಂಬರ್ ಒಂದಕ್ಕೆ. ಪುಸ್ತಕ ನವೆಂಬರ್‌ನಿಂದ ಇದ್ದರೆ, ಆ ಎರಡೂವರೆ ತಿಂಗಳು ಕನಿಶಾಯ್ ಏನು ಮಾಡುತ್ತಿದ್ದಳು ಎಂದು ಕೇಳುತ್ತಾರೆ. ಆಮೇಲೆ ಉಳಿದ ಕ್ಲಬ್‌ಗಳನ್ನೂ ಕೇಳುತ್ತಾರೆ.

"ಎರಡೂವರೆ ತಿಂಗಳು ತಾನೇ ಎಜೆ. ಶರತ್ಕಾಲದ ಹವೆ ಎಲ್ಲಾ ವರ್ಷ ಒಂದೇ. ಹುಡುಗೀಗೆ ಹೇಳಿ ತುಂಬಿಸಿಬಿಡಿ. ಅವಳ ಒಳ್ಳೇದಕ್ಕೇ ಅಲ್ವಾ?"

ಅವಳ ಒಳ್ಳೆಯದಕ್ಕೇ. ಹೂಂ ಎಂದು ಎದ್ದು ಬಂದೆ.

ಮಾರ್ಚ್ 14

ಹೇಳಿದೆ. ಸುತ್ತಿ ಬಳಸಿ ಹೇಳಿದೆ.

ಸಿಟ್ಟಾಗಲಿಲ್ಲ. ಅದೇ ಕಷ್ಟವಾದದ್ದು. ನಿಜವಾಗಿಯೂ ಅರ್ಥವಾಗದವಳ ಹಾಗೆ ನೋಡಿದಳು. "ಸೆಪ್ಟೆಂಬರಲ್ಲಿ ನಾನು ನೋಡಿರ್ಲಿಲ್ವಲ್ಲ ಎಜೆ. ನೋಡದೇ ಇರೋದನ್ನ ಹೇಗೆ ಬರೀಲಿ?"

ಸರಿ ಬಿಡು ಎಂದೆ. ಪುಸ್ತಕ ನನ್ನ ಹತ್ತಿರವೇ ಉಳಿಯಿತು — ಸೀಲು ಹಾಕಿಸಬೇಕೆಂದು ಹೇಳಿ ಇಟ್ಟುಕೊಂಡೆ. ದಿನದ ಲೆಕ್ಕಕ್ಕೆ ಬೇರೆ ನೋಟ್‌ಬುಕ್ ಕೊಟ್ಟೆ.

ಮಾರ್ಚ್ 20, ಮಧ್ಯಾಹ್ನ

ನಾಳೆ ನೊರೂಜ್, ವಸಂತದ ಹೊಸವರ್ಷ. ಕೇರಿಯ ಹೆಂಗಸರೆಲ್ಲ ಸೇರಿ ಗೋಧಿಮೊಳಕೆಯ ಸುಮೊಲೊಕ್ ಕಾಯಿಸುತ್ತಿದ್ದಾರೆ. ಕೈ ನೋವೆಂದು ಹೇಳಿ ಒಳಗೆ ಬಂದೆ.

ಅಡಿಗೆಮನೆಯ ಮೇಜಿನ ಮುಂದೆ ಕೂತು ಬರೆದೆ. ಪುಸ್ತಕದ ಮೊದಲ ಪುಟಕ್ಕೂ ಮುಂಚೆ ಹೊಸ ಹಾಳೆ ಹೊಲಿದು ಸೇರಿಸಿದೆ. ಸೆಪ್ಟೆಂಬರ್ ಒಂದು, ಹದಿನಾರು ಡಿಗ್ರಿ. ಎರಡು, ಹದಿನೈದೂವರೆ… ಅವಳ ಅಕ್ಷರದಂತೆಯೇ ದುಂಡಗೆ. ಇಪ್ಪತ್ತೆಂಟು ವರ್ಷ ಮಕ್ಕಳ ಅಕ್ಷರ ತಿದ್ದಿದ ಕೈ, ಕಷ್ಟವಾಗಲಿಲ್ಲ. ಅಕ್ಟೋಬರ್ ಬರುವಷ್ಟರಲ್ಲಿ ಯೋಚಿಸದೆಯೇ ಬರೆಯುತ್ತಿದ್ದೆ.

ಎಸೆನ್ ಒಳಗೆ ಬಂದು ನೋಡಿದ. ಟೀ ಹೀರಿ ಹೋದ.

ಏಪ್ರಿಲ್ 18

ಇವತ್ತು ಸ್ಪರ್ಧೆ. ಕಾಗದದಲ್ಲಿ ಕ್ಲಬ್ಬಿನ ಮುಖ್ಯಸ್ಥೆ ಕನಿಶಾಯ್, ಆದ್ದರಿಂದ ಸಾಲ್ಕಿನಾಯ್ ಜೊತೆ ಹೋದವಳೂ ಅವಳೇ. ಸೀಲು ಹಾಕಿದ ಪುಸ್ತಕ, ಜೊತೆಗೆ ಆಮೇಲಿನ ನೋಟ್‌ಬುಕ್, ಎರಡನ್ನೂ ಲಕೋಟೆಯಲ್ಲಿಟ್ಟು ಕನಿಶಾಯ್ ಕೈಗೆ ಕೊಟ್ಟೆ. ಹುಡುಗಿ ಅಜ್ಜಿಯ ಬಿಳಿ ಶಾಲು ಹೊದ್ದು ಬಂದಿದ್ದಳು. ನಮ್ಮ ಜೊತೆ ನೀವೂ ಬನ್ನಿ ಎಂದಳು. ಕೆಲಸವಿದೆ ಎಂದೆ.

ಮಧ್ಯಾಹ್ನದಿಂದ ಕನಿಶಾಯ್ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 19

ಕನಿಶಾಯ್ ಬಂದು ಹೇಳಿದಳು. ಅಳುತ್ತಲೇ ಹೇಳಿದಳು.

ತೀರ್ಪುಗಾರರಲ್ಲಿ ಒಬ್ಬ ಮುದುಕ, ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪುಸ್ತಕ ತುಂಬ ಮೆಚ್ಚಿಕೊಂಡನಂತೆ. ನವೆಂಬರ್, ಡಿಸೆಂಬರ್, ಎಲ್ಲ ತಲೆದೂಗುತ್ತ ನೋಡಿದನಂತೆ. ಆಮೇಲೆ ಮೊದಲ ಪುಟಕ್ಕೆ ಬಂದ.

"ಸೆಪ್ಟೆಂಬರ್ ಹತ್ತೊಂಬತ್ತು, ಹದಿನಾಲ್ಕು ಡಿಗ್ರಿ, ಬಿಸಿಲು ಅಂತ ಬರ್ದಿದೀಯ. ಅವತ್ತು ನಿಮ್ಮೂರಲ್ಲಿ ಮೊಣಕಾಲುದ್ದ ಹಿಮ ಬಿತ್ತಲ್ಲಮ್ಮ. ನೀನೆಲ್ಲಿದ್ದೆ?"

ಸಾಲ್ಕಿನಾಯ್ ಆ ಪುಟ ನೋಡಿದ್ದು ಆಗಲೇ. ಎಷ್ಟೋ ಹೊತ್ತು ನೋಡಿದಳಂತೆ.

"ಹಿಮದ ಕೆಳಗಿಂದ ಆಲೂಗಡ್ಡೆ ಅಗೀತಿದ್ದೆ" ಎಂದಳಂತೆ.

"ಹಾಗಾದ್ರೆ ಇದನ್ನ ಬರೆದೋರು ಯಾರು?"

ಅದಕ್ಕೆ ಉತ್ತರ ಕೊಡಲಿಲ್ಲ. ಕನಿಶಾಯ್ ಕೂಡ ಬಾಯಿ ಬಿಡಲಿಲ್ಲ. ಪುಸ್ತಕ ಪಕ್ಕಕ್ಕಿಟ್ಟರು. ಇಡೀ ಪುಸ್ತಕ. "ಕಲ್ಪಿತ ದಾಖಲೆ" ಎಂದು ಮೇಲೆ ಬರೆದು, ಹುಡುಗಿಯ ಹೆಸರಿನ ಮುಂದೆ ಗೆರೆ.

ಸೆಪ್ಟೆಂಬರಿನ ಆ ವಾರ ನಾನು ತರಬೇತಿಗೆಂದು ಬಿಷ್ಕೆಕ್‌ನಲ್ಲಿದ್ದೆ. ಅಲ್ಲಿ ಬಿಸಿಲಿತ್ತು. ಐಸ್‌ಕ್ರೀಂ ತಿಂದಿದ್ದೆ.

ಏಪ್ರಿಲ್ 22, ಸಂಜೆ 5

ಅವಳ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅಜ್ಜಿ ಚಾಪೆ ಹಾಸಿ, ಬಿಸಿ ರೊಟ್ಟಿ, ಕೆನೆ, ಜಾಮು ಎಲ್ಲ ಮುಂದಿಟ್ಟಳು. ಬೇಡವೆಂದರೂ ಬಟ್ಟಲು ತುಂಬಿದಳು. ನಮ್ಮ ಹುಡುಗಿ ತಪ್ಪು ಮಾಡಿ ನಿಮಗೆ ತಲೆ ತಗ್ಗಿಸುವ ಹಾಗೆ ಮಾಡಿತಂತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಳು. ಆ ಕೈ ಬಿಡಿಸಿಕೊಂಡು ಹೇಳಬೇಕಿತ್ತು. ರೊಟ್ಟಿ ಮುರಿದು ತಿಂದೆ.

ಗೇಟಿನವರೆಗೆ ಸಾಲ್ಕಿನಾಯ್ ಬಂದಳು. ಅಲ್ಲಿ ಹೇಳಿದೆ.

"ಗೊತ್ತು ಎಜೆ."

"ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿಮ್ಮನ್ನ ತೆಗೀತಿದ್ರು. ಆಮೇಲೆ ಚಿಕ್ಕವರಿಗೆ ಯಾರಿದಾರೆ?"

ಕೋಳಿಗಳನ್ನು ಗೂಡಿಗೆ ಅಟ್ಟಿದಳು. ಒಳಗೆ ಹೋಗಲು ತಿರುಗಿದವಳು ನಿಂತಳು.

"ಹತ್ತೊಂಬತ್ತನೇ ತಾರೀಖು ಹೇಗಿತ್ತು ಅಂತ ಯಾರನ್ನಾದ್ರೂ ಒಂದ್ಮಾತು ಕೇಳಬಹುದಿತ್ತು, ಎಜೆ."

ಅಷ್ಟೇ. ಮನೆಗೆ ಹೇಗೆ ಬಂದೆನೋ.

ಏಪ್ರಿಲ್ 24

ತೀರ್ಪುಗಾರ ಮುದುಕನ ನಂಬರ್ ಹುಡುಕಿ ಫೋನ್ ಮಾಡಿದೆ. ಎಲ್ಲ ಒಪ್ಪಿಕೊಂಡೆ. ಫಲಿತಾಂಶ ಪ್ರಕಟವಾಗಿದೆ, ಲೈಸಿಯಂನವರು ಪಟ್ಟಿ ಮುಚ್ಚಿದ್ದಾರೆ, ಶಾಲೆಯ ಸೀಲಿರುವ ಪತ್ರ ಕಚೇರಿಯ ಮೂಲಕ ಬಂದರೆ ಹುಡುಗಿಯ ಹೆಸರಿನ ಮೇಲಿನ ಕಲೆಯನ್ನಾದರೂ ತೆಗೆಯಬಹುದು ಎಂದ. ಒಳ್ಳೆಯವನು. ಫೋನ್ ಇಡುವ ಮೊದಲು ಇಷ್ಟು ಹೇಳಿದ:

"ಐದು ತಿಂಗಳು ಚೊಕ್ಕ ಕೆಲಸ ತಾಯಿ. ಆರು ಅನ್ನೋದು ನಿಯಮ ನಿಜ, ಆದ್ರೆ ಅಂಥ ಪುಸ್ತಕ ನಾನು ವಾಪಸ್ ಕಳಿಸ್ತಿರ್ಲಿಲ್ಲ. ಸೆಪ್ಟೆಂಬರಿನ ಪುಟ ಖಾಲಿ ಬಿಟ್ಟಿದ್ರೆ ಸಾಕಿತ್ತು."

ಖಾಲಿ ಬಿಟ್ಟಿದ್ದರೆ.

ಏಪ್ರಿಲ್ 28

ಪತ್ರ ಬರೆದೆ. ಸಾಗಿನ್‌ಬೆಕ್ ಓದಿದರು, ಕನ್ನಡಕ ತೆಗೆದು ಒರೆಸಿದರು. ಸೀಲು ಹಾಕಲಾರೆ ಎಂದರು. ಹಾಕಿದರೆ ಹನ್ನೆರಡು ಕ್ಲಬ್ ಹೊರಗೆ ಬರುತ್ತವೆ, ಹನ್ನೆರಡು ಮೇಷ್ಟರ ಗಂಟೆಗಳು ಹೋಗುತ್ತವೆ, ಮೊದಲು ಕನಿಶಾಯ್‌ದು. ಈಗಾಗಲೇ ಇಬ್ಬರು ಊರು ಬಿಟ್ಟಿದ್ದಾರೆ. ಇನ್ನು ನಾಲ್ವರು ಹೋದರೆ ಗಣಿತಕ್ಕೆ ಯಾರು, ರಸಾಯನಕ್ಕೆ ಯಾರು? "ನೀವೇ ಹೇಳಿ ಎಜೆ, ಏನು ಮಾಡ್ಲಿ. ನೀವು ಹೇಳಿದ ಹಾಗೆ ಮಾಡ್ತೀನಿ."

ಪತ್ರ ತೆಗೆದುಕೊಂಡು ಎದ್ದು ಬಂದೆ. ಹೊರಗೆ ಕಾರಿಡಾರಿನಲ್ಲಿ ಕನಿಶಾಯ್ ಕೂಸನ್ನೆತ್ತಿಕೊಂಡು ನಿಂತಿದ್ದಳು. 

ಮೇ 6

ಸೀಲಿಲ್ಲದ ಪತ್ರವನ್ನೇ ಹಿಡಿದು ಶಿಕ್ಷಣ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನನಗಿಂತ ಚಿಕ್ಕವಳು. ಪತ್ರ ಎರಡು ಸಲ ಓದಿದಳು. ಬಾಗಿಲು ಮುಚ್ಚಿ ಬಂದು ಕೂತಳು.

"ಎಜೆ, ಇದನ್ನ ತಗೊಂಡ್ರೆ ನಂಬರ್ ಹಾಕಬೇಕು. ನಂಬರ್ ಹಾಕಿದ್ರೆ ತನಿಖೆ ಆಗ್ಬೇಕು. ನಿಮ್ಮದೊಂದೇ ಶಾಲೇನಾ? ಎಲ್ಲಾ ಕಡೆ ಇದೇ. ಯಾವುದರಿಂದ ಶುರು ಮಾಡ್ಲಿ ನಾನು?" ಪತ್ರ ಮಡಿಸಿ ನನ್ನ ಚೀಲದೊಳಗೆ ತಾನೇ ಇಟ್ಟಳು. ಟೀ ತರಿಸಲೇ ಎಂದು ಕೇಳಿದಳು.

ತಪ್ಪೊಪ್ಪಿಕೊಳ್ಳಲು ಹೋದರೆ ತೆಗೆದುಕೊಳ್ಳುವವರೇ ಇಲ್ಲ. ವಾಪಸ್ ಬರುವಾಗ ಎಸೆನ್ ವ್ಯಾನಿನ ರೇಡಿಯೋ ಆಫ್ ಮಾಡಿದ.

ಮೇ 12

ಸಾಲ್ಕಿನಾಯ್ ಪರೀಕ್ಷೆಯ ಓದಿದೆಯೆಂದು ಬೆಳಿಗ್ಗೆ ಬರುವುದನ್ನು ನಿಲ್ಲಿಸಿದ್ದಾಳೆ. ಚಿಕ್ಕವರು ಎರಡು ದಿನ ಬಂದರು. ಮೂರನೇ ದಿನ ಒಬ್ಬಳೇ ಬಂದಳು. ಇವತ್ತು ಯಾರೂ ಇಲ್ಲ.

ಮೇ 23

ಕೊನೆಯ ಗಂಟೆಯ ಸಮಾರಂಭ, ಶಾಲೆಯ ವರ್ಷ ಮುಗಿಯಿತು. ಹುಡುಗಿಯರೆಲ್ಲ ಬಿಳಿ ಏಪ್ರನ್, ತಲೆಗೆ ಬಿಳಿ ರಿಬ್ಬನ್ ಹೂ. ಸರ್ಟಿಫಿಕೇಟ್ ಓದುವುದು ಪ್ರತಿ ವರ್ಷ ನನ್ನ ಕೆಲಸ. ಮೈಕ್ ನನ್ನ ಕೈಯಲ್ಲೇ. ವಾಲಿಬಾಲ್‌ಗೆ ಕೊಟ್ಟೆ. ಕೋಮುಜ್‌ಗೆ ಕೊಟ್ಟೆ. ಆಮೇಲೆ ಹಾಳೆ ಮಡಿಸಿದೆ.

ಇಷ್ಟೇ ಹೇಳಿದೆ: ಹವಾಮಾನ ಕ್ಲಬ್ಬಿನ ಪುಸ್ತಕದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್ ಹದಿನೇಳರವರೆಗೆ ಬರೆದವಳು ಸಾಲ್ಕಿನಾಯ್ ಅಲ್ಲ. ಬರೆದವಳು ನಾನು. ಅವಳು ಸುಳ್ಳು ಬರೆಯಲಿಲ್ಲ.

ಇಡೀ ಅಂಗಳಕ್ಕೆ ಕೇಳಿಸಿತು.

ಚಪ್ಪಾಳೆ ಹೊಡೆದರು. ಮೈಕಿನಲ್ಲಿ ಯಾರು ಏನು ಹೇಳಿ ನಿಲ್ಲಿಸಿದರೂ ಹೊಡೆಯುತ್ತಾರೆ, ಅಭ್ಯಾಸ. ತಾಯಂದಿರು ಹೊಡೆದರು, ಒಂದನೇ ತರಗತಿಯವರು ಎಲ್ಲರಿಗಿಂತ ಜೋರಾಗಿ. ಸಾಗಿನ್‌ಬೆಕ್ ನೆಲ ನೋಡುತ್ತ ಹೊಡೆದರು. ಯಾರೋ ವಾಲ್ಟ್ಸ್ ಸಂಗೀತ ಹಾಕಿದರು. ಮಕ್ಕಳು ಜೋಡಿಯಾಗಿ ಕುಣಿಯಲು ಇಳಿದರು.

ಸಾಲ್ಕಿನಾಯ್ ಹೊಡೆಯಲಿಲ್ಲ. ಸಾಲಿನ ಕೊನೆಯಲ್ಲಿ ನಿಂತು ನನ್ನನ್ನೇ ನೋಡಿದಳು. ಅಜ್ಜಿ ಏನಾಯಿತೆಂದು ತೋಳು ಎಳೆದು ಕೇಳುತ್ತಿದ್ದಳು. ಹುಡುಗಿ ಬಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ತಲೆಯೆತ್ತಿ ನನ್ನತ್ತ ನೋಡಿದಳು. ನಾನು ಬೇರೆ ಕಡೆ ತಿರುಗಿದೆ.

ಮೇ 30

ನನಗೇನೂ ಆಗಿಲ್ಲ. ಯಾರೂ ಏನೂ ಕೇಳಿಲ್ಲ. ಆಯಾಸಗೊಂಡಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಸಾಗಿನ್‌ಬೆಕ್ ರಜೆ ಬರೆದುಕೊಟ್ಟರು.

ಜೂನ್ 9, ಬೆಳಿಗ್ಗೆ 9

ಸಾಲ್ಕಿನಾಯ್ ಹೋದಳು. ಎಸೆನ್‌ನ ವ್ಯಾನಿನಲ್ಲೇ, ಚಿಕ್ಕಮ್ಮನ ಹತ್ತಿರ. ಒಂದು ಬಟ್ಟೆಗಂಟು, ಅಜ್ಜಿ ಕೊಟ್ಟ ರೊಟ್ಟಿಯ ಚೀಲ. ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಮೊಮ್ಮಗಳ ಹಣೆಗೆ ಮುತ್ತಿಟ್ಟು, ಹಿಂದಿರುಗಿ ನೋಡದೆ ನಡೆದಳು.

ಎಂಟೂಕಾಲು. ಬೇರೆ ಪ್ರಯಾಣಿಕರು ಹತ್ತುತ್ತಿದ್ದರು. ಹುಡುಗಿ ಕಿಟಕಿಯ ಗಾಜು ಇಳಿಸಿದಳು.

"ಎಜೆ, ಇವತ್ತು ಯಾರು ನೋಡಿದ್ರು?"

ನಾನು ನೋಡಿದೆ, ಹನ್ನೊಂದು ಡಿಗ್ರಿ ಇತ್ತು — ಬಾಯಿಗೆ ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ. ತಿಂಗಳಾಯಿತು, ಆ ಪೆಟ್ಟಿಗೆಯ ಬಾಗಿಲು ಯಾರೂ ತೆರೆದಿಲ್ಲ. ಯಾರೂ ನೋಡಿಲ್ಲ ಮಗಳೇ ಎಂದೆ.

ತಲೆಯಾಡಿಸಿದಳು. ಗಾಜು ಏರಿಸಿದಳು. ವ್ಯಾನ್ ಸೇತುವೆ ದಾಟುವವರೆಗೆ ನಿಂತಿದ್ದೆ.

ಅವಳಿಗೆ ಹೇಳಬೇಕೆಂದು ಮೂರು ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಹೇಳಲಿಲ್ಲ. ಇಲ್ಲಿಯಾದರೂ ಬರೆದಿಡೋಣ ಎಂದು ಕೂತಿದ್ದೇನೆ. ಮೊದಲನೆಯದು… ಬೇಡ. ಹೇಳದ ಮಾತನ್ನು ಹೇಳಿದ ಹಾಗೆ ಬರೆಯಲಾರೆ, ಮುಂದಿನ ಸಾಲು ಖಾಲಿ ಬಿಡುತ್ತೇನೆ.